ಅಜ್ಜನ ಪತ್ರಗಳು ಮತ್ತು ಲೂಯಿಸ್ ಅರ್ಡ್ರಿಕ್: ಗಡಿನಾಡಿನ ಓದುಗನೊಬ್ಬನ ಅರಿಕೆ

ಮಾನ್ಯ ಸಂಪಾದಕರಿಗೆ, ನಮಸ್ಕಾರಗಳು.

ಅಮೆರಿಕದ ಕಾದಂಬರಿಕಾರ್ತಿ ಲೂಯಿಸ್ ಅರ್ಡ್ರಿಕ್ ಅವರನ್ನು ಪರಿಚಯಿಸುವ ಲೇಖನವೊಂದು ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾಗಿತ್ತು. ಕಾಸರಗೋಡಿನ ಪೆರ್ಲದಲ್ಲಿ ಕುಳಿತು ಹಲವು ವರ್ಷಗಳಿಂದ ಅವರ ಪುಸ್ತಕಗಳನ್ನು ಒಂದೊಂದಾಗಿ ತರಿಸಿಕೊಂಡು ಓದುತ್ತಿರುವ ನನಗೆ ಆ ಹೆಸರನ್ನು ಕನ್ನಡದ ಅಕ್ಷರಗಳಲ್ಲಿ ಕಂಡದ್ದೇ ಒಂದು ಸಂತೋಷ. ಆದರೆ ಲೇಖನದ ಮುಕ್ಕಾಲು ಪಾಲು ಪ್ರಶಸ್ತಿಗಳ ಪಟ್ಟಿಯಲ್ಲೇ ತೀರಿಹೋಗಿತ್ತು. ಉಳಿದ ಕಾಲು ಪಾಲಿನಲ್ಲಿ, ತನ್ನವರ ಭಾಷೆಯನ್ನು ಹಿಂದೆ ಬಿಟ್ಟು ಇಂಗ್ಲಿಷಿನಲ್ಲಿ ಗೆದ್ದವರು ಎಂಬ ಅರ್ಥದ ಒಂದು ವಾಕ್ಯವಿತ್ತು. ನನ್ನನ್ನು ಈ ಪತ್ರ ಬರೆಯಲು ಕೂರಿಸಿದ್ದು ಆ ವಾಕ್ಯ. ಆ ಭಾಷೆ ಅವರ ಮನೆಯಿಂದ ಕೈಬಿಟ್ಟುಹೋದದ್ದು ಅವರು ಹುಟ್ಟುವ ಮೊದಲೇ. ಬೆಳೆದು ಲೇಖಕಿಯಾಗಿ ಹೆಸರು ಮಾಡಿದ ಮೇಲೆ ಅದನ್ನು ಹುಡುಕಿಕೊಂಡು ಹೋದವರು ಅವರು. ಅವರ ಬದುಕಿನಲ್ಲಿ ನಮ್ಮಂಥ ಗಡಿನಾಡಿನವರಿಗೆ ಎಲ್ಲಕ್ಕಿಂತ ಮುಖ್ಯವಾಗಬೇಕಾದ ಅಜ್ಜನ ಪತ್ರಗಳ ಸಂಗತಿಯಂತೂ ಲೇಖನದಲ್ಲಿ ಸುಳಿಯಲೇ ಇಲ್ಲ.

ಅರ್ಡ್ರಿಕ್ ಹುಟ್ಟಿದ್ದು 1954ರ ಜೂನ್ 7ರಂದು, ಮಿನೆಸೋಟ ರಾಜ್ಯದ ಲಿಟಲ್ ಫಾಲ್ಸ್ ಎಂಬ ಊರಿನಲ್ಲಿ; ಬೆಳೆದದ್ದು ನಾರ್ತ್ ಡಕೋಟ ರಾಜ್ಯದ ವಾಪೆಟನ್ನಿನಲ್ಲಿ, ಏಳು ಮಕ್ಕಳಲ್ಲಿ ಹಿರಿಯವಳಾಗಿ. ತಂದೆ ಜರ್ಮನ್ ಮೂಲದವರು. ತಾಯಿ ಕೆನಡಾ ಗಡಿಗೆ ತಾಗಿದಂತಿರುವ ಟರ್ಟಲ್ ಮೌಂಟನ್ ಪ್ರದೇಶದ ಒಜಿಬ್ವೆ ಎಂಬ ಮೂಲನಿವಾಸಿ ಜನಾಂಗದವರು. ಆ ಕಡೆಯಲ್ಲಿ ಫ್ರೆಂಚ್ ರಕ್ತವೂ ಬೆರೆತಿದೆ. ತಂದೆ ತಾಯಿ ಇಬ್ಬರೂ ಮೂಲನಿವಾಸಿ ಮಕ್ಕಳಿಗಾಗಿ ಸರ್ಕಾರ ನಡೆಸುತ್ತಿದ್ದ ವಸತಿ ಶಾಲೆಯಲ್ಲಿ ಅಧ್ಯಾಪಕರಾಗಿದ್ದರು. ಮಗಳು ಬರೆದ ಪ್ರತಿಯೊಂದು ಕಥೆಗೂ ತಂದೆ ಐದು ಸೆಂಟಿನ ಒಂದು ನಾಣ್ಯ ಕೊಡುತ್ತಿದ್ದರಂತೆ. ತಾಯಿ ಬಣ್ಣದ ಕಾಗದದ ಪಟ್ಟಿಗಳನ್ನು ಹೆಣೆದು ಆ ಕಥೆಗಳಿಗೆ ರಕ್ಷಾಪುಟ ಮಾಡಿಕೊಡುತ್ತಿದ್ದರಂತೆ. ಮೂವತ್ತು ವರ್ಷ ಮಕ್ಕಳಿಗೆ ಪ್ರಬಂಧ ಬರೆಸಿ ಕೆಂಪು ಶಾಯಿಯಲ್ಲಿ ತಪ್ಪು ತಿದ್ದಿದ ನಾನು, ಒಬ್ಬ ವಿದ್ಯಾರ್ಥಿಯ ಕಥೆಗೂ ನಾಲ್ಕಾಣೆ ಕೊಟ್ಟವನಲ್ಲ ಎಂಬುದು ಇದನ್ನು ಓದಿದಾಗ ನೆನಪಾಗಿ ನಾಚಿಕೆಯಾಯಿತು.

1972ರಲ್ಲಿ ಡಾರ್ಟ್‌ಮತ್ ಕಾಲೇಜು ಮೊತ್ತಮೊದಲ ಬಾರಿಗೆ ಪದವಿ ತರಗತಿಗಳಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಾಗ, ಆ ಮೊದಲ ತಂಡದಲ್ಲಿ ಅವರಿದ್ದರು. ಅದೇ ವರ್ಷ ಅಲ್ಲಿ ಮೂಲನಿವಾಸಿ ಅಧ್ಯಯನ ವಿಭಾಗವೂ ಆರಂಭವಾಯಿತು. ಸಕ್ಕರೆ ಬೀಟ್ ಗದ್ದೆಯಲ್ಲಿ ಕಳೆ ಕೀಳುವುದು, ಹೋಟೆಲಿನಲ್ಲಿ ಊಟ ಬಡಿಸುವುದು, ರಸ್ತೆ ಕಾಮಗಾರಿಯ ಸ್ಥಳದಲ್ಲಿ ಬಾವುಟ ಹಿಡಿದು ನಿಲ್ಲುವುದು, ಜೈಲಿನ ಕೈದಿಗಳಿಗೆ ಕವಿತೆ ಹೇಳಿಕೊಡುವುದು ಎಂದು ಕೈಗೆ ಸಿಕ್ಕ ಕೆಲಸಗಳನ್ನೆಲ್ಲ ಮಾಡಿಕೊಂಡು, 1979ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ ಪಡೆದರು. ಮೊದಲ ಕಾದಂಬರಿ 'ಲವ್ ಮೆಡಿಸಿನ್' 1984ರಲ್ಲಿ ಬಂತು. ನಮ್ಮ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದೂ ಅದೇ ವರ್ಷದಲ್ಲಾದ್ದರಿಂದ ಈ ಇಸವಿ ನನಗೆ ಮರೆಯುವುದಿಲ್ಲ. ಅಮೆರಿಕದ ಪುಸ್ತಕ ವಿಮರ್ಶಕರ ವಲಯ ಆ ವರ್ಷದ ಅತ್ಯುತ್ತಮ ಕಾದಂಬರಿಯೆಂದು ಅದನ್ನು ಆರಿಸಿತು.

ಈ ಕೃತಿಯ ವಿಚಾರದಲ್ಲಿ ಲೇಖಕರು ಗಮನಿಸದೆ ಹೋದ ಒಂದು ಅಂಶವನ್ನು ಹೇಳಬೇಕು. ಅರ್ಡ್ರಿಕ್ ಈ ಕಾದಂಬರಿಯನ್ನು ಒಮ್ಮೆ ಬರೆದು ಕೈತೊಳೆದುಕೊಳ್ಳಲಿಲ್ಲ. 1993ರಲ್ಲಿ ಹೊಸ ಅಧ್ಯಾಯಗಳನ್ನು ಸೇರಿಸಿ ವಿಸ್ತರಿಸಿದರು. 2009ರಲ್ಲಿ ಮತ್ತೊಮ್ಮೆ ತಿದ್ದಿದರು. ಇದರಲ್ಲಿ ಬರುವ ಕುಟುಂಬಗಳು 'ಟ್ರ್ಯಾಕ್ಸ್', 'ದಿ ಬಿಂಗೋ ಪ್ಯಾಲೆಸ್' ಮೊದಲಾದ ಮುಂದಿನ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಒಂದು ಪುಸ್ತಕದಲ್ಲಿ ಮುದುಕಿಯಾಗಿದ್ದವಳು ಇನ್ನೊಂದರಲ್ಲಿ ಹುಡುಗಿಯಾಗಿರುತ್ತಾಳೆ, ಒಬ್ಬರು ಹೇಳಿದ ಘಟನೆಯನ್ನು ಮತ್ತೊಬ್ಬರು ತಮ್ಮ ಕಡೆಯಿಂದ ಬೇರೆಯೇ ಆಗಿ ಹೇಳುತ್ತಾರೆ. ವಿಮರ್ಶಕರು ಇದನ್ನು ಆಧುನಿಕ ಕಾದಂಬರಿ ತಂತ್ರವೆಂದು ಕರೆಯುತ್ತಾರೆ. ಕುಂಬಳೆ ಸೀಮೆಯಲ್ಲಿ ತಾಳಮದ್ದಳೆ ಕೇಳಿ ಬೆಳೆದವನಿಗೆ ಇದು ಹೊಸತಾಗಿ ಕಾಣುವುದಿಲ್ಲ. ಪ್ರಸಂಗ ಅದೇ, ಪದ್ಯ ಅದೇ; ನಿನ್ನೆಯ ಅರ್ಥಧಾರಿ ಹೇಳಿದ ವಾಲಿ ಬೇರೆ, ಇಂದಿನವರ ವಾಲಿ ಬೇರೆ, ಮತ್ತು ಕೇಳುಗರು ಎರಡನ್ನೂ ತಲೆಯಲ್ಲಿಟ್ಟುಕೊಂಡೇ ಮನೆಗೆ ಹೋಗುತ್ತಾರೆ.

ಅವರ ದಾಂಪತ್ಯದ ಬಗ್ಗೆ ತಮ್ಮ ಲೇಖನದಲ್ಲಿ ಅಗತ್ಯಕ್ಕಿಂತ ಹೆಚ್ಚು ಸಾಲುಗಳಿದ್ದವು. ಡಾರ್ಟ್‌ಮತ್ತಿನಲ್ಲಿ ಅಧ್ಯಾಪಕರಾಗಿದ್ದ ಲೇಖಕ ಮೈಕಲ್ ಡಾರಿಸ್ ಅವರನ್ನು ಅವರು 1981ರಲ್ಲಿ ಮದುವೆಯಾದರು, ಬಹುಕಾಲ ಇಬ್ಬರೂ ಒಬ್ಬರ ಬರಹವನ್ನೊಬ್ಬರು ಓದಿ ತಿದ್ದುತ್ತಿದ್ದರು, 1991ರಲ್ಲಿ ಒಂದು ಕಾದಂಬರಿಯನ್ನು ಜಂಟಿಯಾಗಿಯೇ ಪ್ರಕಟಿಸಿದರು, ಬಳಿಕ ಬೇರೆಯಾದರು, 1997ರಲ್ಲಿ ಡಾರಿಸ್ ತೀರಿಕೊಂಡರು. ಇಷ್ಟರ ಆಚೆಗೆ ಊಹಿಸುವುದರಿಂದ ಕಾದಂಬರಿಗಳ ಓದಿಗೆ ಏನೂ ಲಾಭವಿಲ್ಲ. ಅದಕ್ಕಿಂತ, 1986ರ 'ದಿ ಬೀಟ್ ಕ್ವೀನ್' ಬಂದಾಗ ಇನ್ನೊಬ್ಬ ಮೂಲನಿವಾಸಿ ಕಾದಂಬರಿಕಾರ್ತಿ ಲೆಸ್ಲಿ ಮಾರ್ಮನ್ ಸಿಲ್ಕೋ ಅವರು ಅದನ್ನು ಕಟುವಾಗಿ ಟೀಕಿಸಿದ್ದನ್ನು ಬರೆದಿದ್ದರೆ ಚೆನ್ನಾಗಿತ್ತು. ಭಾಷೆಯ ಸೊಗಸು ಹೆಚ್ಚಾಗಿ, ಮೂಲನಿವಾಸಿಗಳು ಅನುಭವಿಸಿದ ರಾಜಕೀಯ ಸತ್ಯ ಮರೆಯಾಗಿದೆ ಎಂಬುದು ಆ ಆಕ್ಷೇಪದ ಸಾರ. ಆ ಟೀಕೆ ಆ ಒಂದು ಪುಸ್ತಕಕ್ಕೆ ಸ್ವಲ್ಪ ಮಟ್ಟಿಗೆ ಸಲ್ಲುತ್ತದೆ ಎಂಬುದೇ ನನ್ನ ಅಭಿಪ್ರಾಯ. ಮುಂದಿನ ಪುಸ್ತಕಗಳಿಗೆ ಖಂಡಿತ ಸಲ್ಲುವುದಿಲ್ಲ.

2012ರಲ್ಲಿ ನ್ಯಾಷನಲ್ ಬುಕ್ ಅವಾರ್ಡ್ ಪಡೆದ 'ದಿ ರೌಂಡ್ ಹೌಸ್' ಅದಕ್ಕೆ ಸಾಕ್ಷಿ. ಹದಿಮೂರು ವರ್ಷದ ಹುಡುಗನ ತಾಯಿಯ ಮೇಲೆ ಅತ್ಯಾಚಾರ ನಡೆದಿದೆ. ಅದು ನಡೆದ ಜಾಗ ಯಾವ ಗುರುತಿನ ಭೂಮಿ, ಬುಡಕಟ್ಟಿನದೋ, ರಾಜ್ಯದ್ದೋ, ಒಕ್ಕೂಟ ಸರ್ಕಾರದ್ದೋ ಎಂಬುದು ತೀರ್ಮಾನವಾಗದೆ ಅಪರಾಧಿಯ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಮೂಲನಿವಾಸಿಯಲ್ಲದವನನ್ನು ಬುಡಕಟ್ಟಿನ ನ್ಯಾಯಾಲಯ ಶಿಕ್ಷಿಸುವಂತಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು 1978ರಲ್ಲಿ ಕೊಟ್ಟ ತೀರ್ಪಿನ ನೆರಳಿನಲ್ಲೇ ಇಡೀ ಕಥೆ ನಡೆಯುತ್ತದೆ. ಹುಡುಗನ ತಂದೆ ಸ್ವತಃ ಬುಡಕಟ್ಟಿನ ನ್ಯಾಯಾಧೀಶ. ತನ್ನ ಹೆಂಡತಿಗೆ ನ್ಯಾಯ ಕೊಡಿಸುವ ಅಧಿಕಾರ ಮಾತ್ರ ಅವನಿಗಿಲ್ಲ. ಭೂಪಟದಲ್ಲಿ ಎಳೆದ ಗೆರೆ ಮನುಷ್ಯನ ಮೈಗೆ ಹೇಗೆ ತಾಗುತ್ತದೆ ಎಂಬುದು 2020ರ ಮಾರ್ಚಿನಲ್ಲಿ ಕೇರಳ-ಕರ್ನಾಟಕ ಗಡಿಯ ತಲಪಾಡಿಯ ರಸ್ತೆ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಈಚೆಯೇ ಉಳಿದ ದಿನಗಳಲ್ಲಿ ನಮ್ಮವರಿಗೆ ಅರ್ಥವಾಗಿತ್ತು. ಹಾಗೆಯೇ 2024ರಲ್ಲಿ ಬಂದ 'ದಿ ಮೈಟಿ ರೆಡ್', ರೆಡ್ ನದಿಯ ಬಯಲಿನ ಸಕ್ಕರೆ ಬೀಟ್ ಕೃಷಿಯನ್ನೂ ಅದಕ್ಕೆ ಸುರಿಯುವ ಕಳೆನಾಶಕಗಳಿಂದ ಸೊರಗುವ ಮಣ್ಣನ್ನೂ ಕುರಿತದ್ದು. ಗೇರುಗುಡ್ಡಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ನಮ್ಮೂರ ಎಣ್ಮಕಜೆಯ ಓದುಗನಿಗೆ ಆ ಕಾದಂಬರಿಗೆ ಟಿಪ್ಪಣಿ ಬೇಕಾಗುವುದಿಲ್ಲ.

ಇನ್ನು ಭಾಷೆಯ ವಿಚಾರ. ಅರ್ಡ್ರಿಕ್ ಅವರ ತಾಯಿಯ ತಂದೆ ಪ್ಯಾಟ್ರಿಕ್ ಗೊರ್ನೋ, ಆ ಕುಟುಂಬದಲ್ಲಿ ಒಜಿಬ್ವೆ ಭಾಷೆಯನ್ನು ನಿರರ್ಗಳವಾಗಿ ಆಡಬಲ್ಲವರಾಗಿದ್ದ ಕೊನೆಯ ವ್ಯಕ್ತಿ. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರದ ವಸತಿ ಶಾಲೆಗಳಿಗೆ ಒಯ್ದು, ತಾಯ್ನುಡಿ ಆಡಿದರೆ ದಂಡಿಸುತ್ತಿದ್ದ ಕಾಲದಲ್ಲಿ ಓದಿದ ತಲೆಮಾರು ಅದು. ಮೊಮ್ಮಗಳು ಚಿಕ್ಕಂದಿನಲ್ಲಿ ಕೇಳಿಸಿಕೊಂಡದ್ದು ಅಜ್ಜ ಆ ಭಾಷೆಯಲ್ಲಿ ಪ್ರಾರ್ಥನೆ ಮಾಡುವುದನ್ನು. ಆದ್ದರಿಂದ ಅದು ಪ್ರಾರ್ಥನೆಗೆ ಮಾತ್ರ ಇರುವ ಭಾಷೆಯೆಂದು ಅವರು ನಂಬಿದ್ದರು. ಆ ಭಾಷೆಯಲ್ಲಿ ಜನ ನಗುತ್ತಾರೆ, ಚೇಷ್ಟೆ ಮಾಡುತ್ತಾರೆ ಎಂಬುದು ಗೊತ್ತಾದದ್ದು ದೊಡ್ಡವರಾದ ಮೇಲೆ. ಆ ನಗೆಯ ಕಾರಣ ತಿಳಿಯಬೇಕೆಂಬ ಆಸೆಯೂ ಭಾಷೆ ಕಲಿಯಲು ಒಂದು ಕಾರಣವೆಂದು 2000ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಅವರು ಬರೆದಿದ್ದಾರೆ. ಬರಹಗಾರ್ತಿಯಾಗಿ ಹೆಸರಾದ ಮೇಲೆ, ಚಿಕ್ಕ ಮಕ್ಕಳ ಹಾಗೆ ಮತ್ತೆ ಅಕ್ಷರಾಭ್ಯಾಸಕ್ಕೆ ಕುಳಿತವರು ಅವರು.

ಆ ಪ್ರಬಂಧದ ಒಂದು ಭಾಗವನ್ನು ವ್ಯಾಕರಣ ಕಲಿಸಿದವನಾಗಿ ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಒಜಿಬ್ವೆ ಭಾಷೆಯಲ್ಲಿ ಮೂರರಲ್ಲಿ ಎರಡು ಪಾಲು ಶಬ್ದಗಳು ಕ್ರಿಯಾಪದಗಳು. ನಾಮಪದಗಳಿಗೆ ಗಂಡು ಹೆಣ್ಣು ಎಂಬ ಲಿಂಗಭೇದವಿಲ್ಲ. ಜೀವವುಳ್ಳದ್ದು, ಜೀವವಿಲ್ಲದ್ದು ಎಂಬ ಭೇದ ಮಾತ್ರ. ಕಲ್ಲಿಗೆ ಅವರು ಹೇಳುವ 'ಅಸಿನ್' ಎಂಬ ಪದ ಜೀವವುಳ್ಳವುಗಳ ಸಾಲಿನಲ್ಲಿ ಬರುತ್ತದೆ. ಇದನ್ನು ತಿಳಿದ ಮೇಲೆ, ಒಂದು ಕಲ್ಲನ್ನು ಎತ್ತಿಕೊಂಡರೆ, ನಾನು ಅದನ್ನು ಎತ್ತಿಕೊಳ್ಳುತ್ತಿದ್ದೇನೆಯೋ ಅದೇ ನನ್ನ ಕೈಗೆ ಬರುತ್ತಿದೆಯೋ ಎಂಬ ಸಂಶಯ ಹುಟ್ಟಿತೆಂದು ಅವರು ಹೇಳುತ್ತಾರೆ. ಕನ್ನಡದಲ್ಲಿ ಸೂರ್ಯನನ್ನೂ ಚಂದ್ರನನ್ನೂ 'ಅವನು' ಎನ್ನುವ ನಾವು ಕಲ್ಲನ್ನು 'ಅದು' ಎಂದೇ ಬರೆಯುತ್ತೇವೆ. ಆದರೂ ನಾಗಬನದ ಕಲ್ಲಿನ ಮುಂದೆ ನಿಂತವನಿಗೆ, ದೈವದ ಕಟ್ಟೆಯ ಕಲ್ಲನ್ನು ತುಳಿಯದಂತೆ ಬಳಸಿ ನಡೆಯುವವನಿಗೆ, ನಮ್ಮ ಕನ್ನಡದ ವ್ಯಾಕರಣಕ್ಕಿಂತ ಆ ಒಜಿಬ್ವೆ ವ್ಯಾಕರಣವೇ ಹತ್ತಿರವೆನಿಸಿದರೆ ಆಶ್ಚರ್ಯವೇನೂ ಇಲ್ಲ.

ಕಲಿತದ್ದನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳಲೂ ಇಲ್ಲ. 1999ರ 'ದಿ ಬರ್ಚ್‌ಬಾರ್ಕ್ ಹೌಸ್' ಮಕ್ಕಳ ಕಾದಂಬರಿ. ಬಿಳಿಯ ವಲಸೆಗಾರರ ಕಣ್ಣಿನಿಂದಲೇ ಹೇಳಿಕೊಂಡು ಬಂದಿದ್ದ 19ನೆಯ ಶತಮಾನದ ಕಥೆಯನ್ನು ಒಂದು ಒಜಿಬ್ವೆ ಹುಡುಗಿಯ ಅಂಗಳದಿಂದ ಹೇಳುತ್ತದೆ. ಅದರ ಪೆನ್ಸಿಲ್ ಚಿತ್ರಗಳನ್ನೂ ಅವರೇ ಬರೆದಿದ್ದಾರೆ. ಕಥೆಯೊಳಗೆ ಒಜಿಬ್ವೆ ಪದಗಳು ಅಲ್ಲಲ್ಲಿ ಬರುತ್ತವೆ, ಕೊನೆಯಲ್ಲಿ ಪದಕೋಶವಿದೆ. ಮಿನಿಯಾಪೊಲಿಸ್ ನಗರದಲ್ಲಿ ಅವರು 'ಬರ್ಚ್‌ಬಾರ್ಕ್ ಬುಕ್ಸ್' ಎಂಬ ಪುಸ್ತಕದಂಗಡಿ ತೆರೆದಿದ್ದಾರೆ. ಹಳೆಯ ಚರ್ಚೊಂದರ ಪಾಪನಿವೇದನೆಯ ಗೂಡು ಅಂಗಡಿಯ ಒಳಗಿದೆಯಂತೆ. ಕವಯಿತ್ರಿಯಾದ ತಂಗಿ ಹೈಡ್ ಅರ್ಡ್ರಿಕ್ ಅವರ ಜೊತೆಗೂಡಿ ಒಜಿಬ್ವೆ ಭಾಷೆಯಲ್ಲೇ ಪುಸ್ತಕ ಹೊರತರುವ ಪ್ರಕಾಶನವನ್ನೂ ಕಟ್ಟಿದರು. 2007ರಲ್ಲಿ ನಾರ್ತ್ ಡಕೋಟ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡಲು ಮುಂದಾದಾಗ, ಅದರ ಕ್ರೀಡಾ ತಂಡಗಳು ಮೂಲನಿವಾಸಿಗಳ ಹೆಸರನ್ನೂ ಮುಖವನ್ನೂ ಲಾಂಛನ ಮಾಡಿಕೊಂಡಿದ್ದವೆಂಬ ಕಾರಣಕ್ಕೆ ಅದನ್ನು ನಿರಾಕರಿಸಿದರು. ಪ್ರಶಸ್ತಿಗಳ ಪಟ್ಟಿ ಕೊಟ್ಟ ತಮ್ಮ ಲೇಖಕರು ಈ ನಿರಾಕರಣೆಯನ್ನೂ ಅದರಲ್ಲಿ ಸೇರಿಸಬಹುದಿತ್ತು.

ಈಗ ಆ ಪತ್ರಗಳ ಸಂಗತಿಗೆ ಬರುತ್ತೇನೆ. 2020ರಲ್ಲಿ ಬಂದು, 2021ರ ಪುಲಿಟ್ಜರ್ ಪ್ರಶಸ್ತಿ ಪಡೆದ 'ದಿ ನೈಟ್ ವಾಚ್‌ಮನ್' ಕಾದಂಬರಿಯ ನಾಯಕ ಥಾಮಸ್ ವಜಾಶ್ಕ್, ಆ ಅಜ್ಜನ ಪಡಿಯಚ್ಚು. ಟರ್ಟಲ್ ಮೌಂಟನ್ ಪ್ರದೇಶದ ಬಳಿಯ ರೋಲ ಎಂಬಲ್ಲಿ, ಕೈಗಡಿಯಾರಗಳಿಗೂ ಸೇನೆಯ ಉಪಕರಣಗಳಿಗೂ ಬೇಕಾಗುವ ಸಣ್ಣ ಹರಳಿನ ಬೇರಿಂಗುಗಳನ್ನು ಕೊರೆಯುವ ಕಾರ್ಖಾನೆಯೊಂದಿತ್ತು. ಹಗಲಿನಲ್ಲಿ ಊರಿನ ಹೆಂಗಸರು ಅಲ್ಲಿ ಕೆಲಸ ಮಾಡುತ್ತಿದ್ದರು. ರಾತ್ರಿ ಕಾವಲು ಗೊರ್ನೋ ಅವರದು. ಓದಿದ್ದು ಎಂಟನೆಯ ತರಗತಿ. ಅವರೇ ಬುಡಕಟ್ಟಿನ ಮಂಡಳಿಯ ಅಧ್ಯಕ್ಷರೂ ಆಗಿದ್ದರು. 1953ರ ಆಗಸ್ಟಿನಲ್ಲಿ ಅಮೆರಿಕದ ಸಂಸತ್ತು 108ನೆಯ ಸಂಖ್ಯೆಯ ಠರಾವೊಂದನ್ನು ಅಂಗೀಕರಿಸಿತು: ಮೂಲನಿವಾಸಿಗಳಿಗೆ ಒಪ್ಪಂದಗಳ ಮೂಲಕ ದೊರೆತಿದ್ದ ವಿಶೇಷ ಸ್ಥಾನವನ್ನು ಕೊನೆಗೊಳಿಸಿ ಅವರನ್ನು ಉಳಿದ ಪ್ರಜೆಗಳಂತೆಯೇ ಮಾಡುವುದು. ತಕ್ಷಣ ಹಾಗೆ ಮಾಡಬೇಕಾದ ಜನಾಂಗಗಳ ಪಟ್ಟಿಯಲ್ಲಿ ಟರ್ಟಲ್ ಮೌಂಟನ್ನಿನ ಹೆಸರೂ ಇತ್ತು. ಕಾಗದದ ಮೇಲೆ ಅದು ಬಿಡುಗಡೆ, ಸಮಾನತೆ ಎಂಬ ಒಳ್ಳೆಯ ಮಾತುಗಳಲ್ಲಿತ್ತು. ಮಾತಿನ ಒಳಗಿದ್ದದ್ದು ನೆಲ ಹೋಗುವುದು, ಶಾಲೆ ಆಸ್ಪತ್ರೆಗಳ ನೆರವು ನಿಲ್ಲುವುದು, ಜನಾಂಗವೆಂಬ ಗುರುತೇ ಅಳಿಯುವುದು. ಹಿಂದೊಮ್ಮೆ ಎಕರೆಗೆ ಹತ್ತು ಸೆಂಟಿನ ಲೆಕ್ಕದಲ್ಲಿ ತಮ್ಮ ವಿಶಾಲ ನೆಲವನ್ನು ಕಳೆದುಕೊಂಡಿದ್ದ ಆ ಜನಕ್ಕೆ ಇಂಥ ಮಾತುಗಳನ್ನು ಓದುವ ಅಭ್ಯಾಸವಿತ್ತು.

ರಾತ್ರಿ ಪಾಳಿಯಲ್ಲಿ ಸುತ್ತು ಹೊಡೆಯುವ ನಡುವಿನ ಬಿಡುವಿನಲ್ಲಿ ಆ ಕಾವಲುಗಾರ ಪತ್ರಗಳನ್ನು ಬರೆದರು. ಸಂಸದರಿಗೆ, ಅಧಿಕಾರಿಗಳಿಗೆ, ದೂರದಲ್ಲಿದ್ದ ಮನೆಯವರಿಗೆ. 1954ರಲ್ಲಿ ಊರಿನ ನಿಯೋಗ ವಾಷಿಂಗ್ಟನ್ನಿಗೆ ಹೋಗಿ ಸಾಕ್ಷ್ಯ ನುಡಿಯಿತು. ಟರ್ಟಲ್ ಮೌಂಟನ್ ಉಳಿಯಿತು. ಅದೇ ಪಟ್ಟಿಯಲ್ಲಿದ್ದ ಮೆನೋಮಿನಿ ಜನಾಂಗ ತನ್ನ ಸ್ಥಾನವನ್ನು ಕಳೆದುಕೊಂಡು, ಅದನ್ನು ಮರಳಿ ಪಡೆಯಲು 1973ರವರೆಗೆ ಹೋರಾಡಬೇಕಾಯಿತು ಎಂಬುದನ್ನು ನೋಡಿದರೆ ಉಳಿದದ್ದರ ಬೆಲೆ ತಿಳಿಯುತ್ತದೆ. ಮೊಮ್ಮಗಳು ಹುಟ್ಟಿದ್ದು ಅದೇ 1954ರಲ್ಲಿ. ಬಹಳ ವರ್ಷಗಳ ಬಳಿಕ, ಬರಹ ಮುಂದೆ ಸಾಗದೆ ಸೋತು ಕುಳಿತಿದ್ದ ಹೊತ್ತಿನಲ್ಲಿ, ಅಜ್ಜನ ಆ ವರ್ಷದ ಪತ್ರಗಳೇ ಅವರನ್ನು ಮತ್ತೆ ಬರೆಯಿಸಿದವು. ಸರ್ಕಾರಿ ಕಡತದ ಒಣ ಮಾತುಗಳು ಜನರ ಬದುಕನ್ನು ಕೆಡವಬಲ್ಲವು, ಹಾಗೆಯೇ ಆ ಮಾತುಗಳನ್ನು ಬದಲಿಸುವ ಶಕ್ತಿಯೂ ಜನರಿಗಿದೆ ಎಂಬರ್ಥದ ಮಾತನ್ನು ಅವರು ಪುಸ್ತಕದ ಕೊನೆಯಲ್ಲಿ ಬರೆದಿದ್ದಾರೆ. ಕಾದಂಬರಿ ಭಾರವಾದದ್ದಲ್ಲ ಎಂಬುದನ್ನೂ ಹೇಳಬೇಕು. ನಿದ್ದೆಗಣ್ಣಿನ ಕಾವಲುಗಾರ ತನ್ನ ಕಾಗದಗಳ ಮೇಲೆ ತೂಕಡಿಸುತ್ತಾನೆ. ವಸತಿ ಶಾಲೆಯಲ್ಲಿ ಸತ್ತ ಬಾಲ್ಯದ ಗೆಳೆಯನ ಪ್ರೇತ ಬಂದು ಮಾತಾಡಿಸುತ್ತದೆ. ವಜಾಶ್ಕ್ ಎಂದರೆ ಒಜಿಬ್ವೆಗಳ ಸೃಷ್ಟಿಕಥೆಯಲ್ಲಿ ನೀರಿಗೆ ಮುಳುಗಿ ಹಿಡಿ ಮಣ್ಣು ತಂದು ಲೋಕ ಕಟ್ಟಿಕೊಟ್ಟ ಇಲಿಯಂಥ ಒಂದು ಪುಟ್ಟ ಪ್ರಾಣಿಯ ಹೆಸರು.

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ್ದನ್ನು ನಾನು ಟರ್ಟಲ್ ಮೌಂಟನ್ನಿನ ಸಂಕಟದ ಪಕ್ಕದಲ್ಲಿಟ್ಟು ತೂಗುತ್ತಿಲ್ಲ. ನಮ್ಮ ನೆಲ ಯಾರೂ ಕಿತ್ತುಕೊಂಡಿಲ್ಲ, ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಮೂರು ಮಾತಿನಲ್ಲಿ ನೆರೆಹೊರೆಯವರೊಡನೆ ಚೆನ್ನಾಗಿಯೇ ಬಾಳಿದ್ದೇವೆ. ಹೋಲಿಕೆ ಇರುವುದು ಕಾಗದದಲ್ಲಿ. ಈ ಮಣ್ಣಿನಲ್ಲೂ ಎಂಟನೆಯ ತರಗತಿ ಓದಿದವರು, ಅಡಿಕೆ ಕೃಷಿಕರು, ಪ್ರಾಥಮಿಕ ಶಾಲೆಯ ಮಾಸ್ತರರು ಹಗಲಿನ ಕೆಲಸ ಮುಗಿಸಿ ರಾತ್ರಿ ಸೀಮೆಎಣ್ಣೆ ದೀಪದಲ್ಲಿ ಮನವಿಗಳನ್ನು ಬರೆದರು. ರಾಜ್ಯ ಪುನರ್ವಿಂಗಡಣೆಯ ಕಾಲದಲ್ಲಿ ಬರೆದರು. 1966ರಲ್ಲಿ ಮಹಾಜನ ಆಯೋಗ ನೇಮಕವಾದಾಗ ಬರೆದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಅದು ಶಿಫಾರಸು ಮಾಡಿ, ಅದು ಜಾರಿಯಾಗದೆ ಉಳಿದಾಗ ಮತ್ತೆ ಬರೆದರು. ಕನ್ನಡ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕು, ಕಚೇರಿಯ ಅರ್ಜಿ ನಮೂನೆ ಕನ್ನಡದಲ್ಲೂ ಬೇಕು ಎಂದು ಇವತ್ತಿಗೂ ಬರೆಯುತ್ತಿದ್ದಾರೆ. ಕಯ್ಯಾರ ಕಿಞ್ಞಣ್ಣ ರೈಗಳಂಥ ಹಿರಿಯರ ಕವಿತೆಯಾಗಿ ಆ ನೋವು ಉಳಿದಿದೆ. ಆದರೆ ಸಾಮಾನ್ಯರು ಬರೆದ ಆ ಮನವಿಗಳೆಲ್ಲ ಎಲ್ಲಿವೆ? ಅವನ್ನು ಬರೆದ ರಾತ್ರಿಗಳ ಬಗ್ಗೆ, ಸಹಿ ಹಾಕಲು ಮನೆಮನೆಗೆ ನಡೆದವರ ಬಗ್ಗೆ, ಹೆಬ್ಬೆಟ್ಟೊತ್ತಿದ ಹೆಂಗಸರ ಬಗ್ಗೆ ಒಂದು ದೊಡ್ಡ ಕಾದಂಬರಿ ನಮ್ಮಲ್ಲಿ ಬಂದದ್ದು ನನ್ನ ಓದಿಗೆ ಸಿಕ್ಕಿಲ್ಲ.

ಆದುದರಿಂದ ತಮ್ಮಲ್ಲಿ ಎರಡು ವಿನಂತಿಗಳಿವೆ. ಅರ್ಡ್ರಿಕ್ ಅವರ ಬಗ್ಗೆ, ವಿಶೇಷವಾಗಿ 'ದಿ ನೈಟ್ ವಾಚ್‌ಮನ್' ಬಗ್ಗೆ ಇನ್ನೊಂದು ಲೇಖನವನ್ನು, ಕಾದಂಬರಿಯನ್ನು ಪೂರ್ತಿ ಓದಿದವರಿಂದ ಬರೆಯಿಸಿ ಪ್ರಕಟಿಸಬೇಕು. ಅನುಮತಿ ಪಡೆದು ಅದನ್ನು ಕನ್ನಡಕ್ಕೆ ತರುವವರು ಯಾರಾದರೂ ಸಿಕ್ಕಿದರೆ ಇನ್ನೂ ಒಳ್ಳೆಯದು. ಎರಡನೆಯದಾಗಿ, ಗಡಿನಾಡಿನ ಮನೆಗಳ ಅಟ್ಟದಲ್ಲಿ, ವಾಚನಾಲಯಗಳ ಕಪಾಟಿನಲ್ಲಿ ಉಳಿದಿರುವ ಹಳೆಯ ಮನವಿ ಪತ್ರಗಳನ್ನು ವಾರಕ್ಕೊಂದರಂತೆ, ಬರೆದವರ ಮನೆಯವರ ಒಪ್ಪಿಗೆ ಪಡೆದು, ತಿದ್ದದೆ ಅಚ್ಚು ಹಾಕಬೇಕು. ಕಾಗುಣಿತ ತಪ್ಪಿದ್ದರೆ ಹಾಗೆಯೇ ಇರಲಿ.

ನನ್ನ ತಂದೆ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದು, ಊರವರ ಪರವಾಗಿ ಇಂಥ ಮನವಿಗಳನ್ನು ಬರೆದುಕೊಡುತ್ತಿದ್ದರು. ಪ್ರತಿಯೊಂದಕ್ಕೂ ನೀಲಿ ಕಾರ್ಬನ್ ಹಾಕಿ ನಕಲು ಇಟ್ಟುಕೊಳ್ಳುವುದು ಅವರ ಕ್ರಮ. ತಗಡಿನ ಪೆಟ್ಟಿಗೆಯಲ್ಲಿ ಅಂಥ ಮೂರು ಕಡತಗಳಿವೆ. ಕೆಲವಕ್ಕೆ ಬಂದ ಒಂದು ಸಾಲಿನ ಉತ್ತರಗಳೂ ಅವುಗಳ ಜೊತೆಯಲ್ಲೇ ಗುಂಡುಸೂಜಿ ಚುಚ್ಚಿಕೊಂಡಿವೆ. ಕಳೆದ ಮಳೆಗಾಲದಲ್ಲಿ ಗೆದ್ದಲು ಹಿಡಿದು ಮೂರನೆಯ ಕಡತದ ಅರ್ಧದಷ್ಟು ಹೋಯಿತು. ಉಳಿದುದನ್ನು ಬಿಸಿಲಿಗೆ ಹರವಿ, ಬೇವಿನ ಎಲೆ ಹಾಕಿ ಕಟ್ಟಿಟ್ಟಿದ್ದೇನೆ. ತಮ್ಮ ವರದಿಗಾರರು ಈ ಕಡೆ ಬಂದಾಗ ನೋಡಬಹುದು, ಬೇಕಾದರೆ ಫೋಟೊ ತೆಗೆದುಕೊಳ್ಳಬಹುದು. ಕಡತಗಳನ್ನು ಮಾತ್ರ ಹೊರಗೆ ಕೊಡಲಾರೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಅಧ್ಯಾಪಕ,
ಪೆರ್ಲ, ಕಾಸರಗೋಡು ಜಿಲ್ಲೆ